ಕೂದಲಿಲ್ಲದ ನಾಯಿ: ಹಾಸನ, ಚಿಕ್ಕಮಗಳೂರಿನ ಮನೆಗಳಿಗೆ ಯಾವುದು ಹೊಂದೀತು?

ಕೂದಲಿಲ್ಲದ ನಾಯಿ ಸಾಕಬೇಕು, ಯಾವುದನ್ನು ತರಲಿ ಎಂದು ಕೇಳುವವರ ಕಾರಣಗಳು ಸಾಮಾನ್ಯವಾಗಿ ಮೂರು. ಮನೆಯಲ್ಲಿ ಯಾರಿಗೋ ಉಬ್ಬಸ ಅಥವಾ ಅಲರ್ಜಿ ಇದೆ, ಆದರೂ ನಾಯಿ ಬೇಕು. ಇಲ್ಲವೇ ಸೋಫಾ, ಚಾಪೆ, ಪಂಚೆಗೆಲ್ಲ ಮೆತ್ತುವ ಕೂದಲು ಗುಡಿಸಿ ಗುಡಿಸಿ ಸಾಕಾಗಿದೆ. ಅದೂ ಅಲ್ಲದಿದ್ದರೆ ಮೊಬೈಲಿನಲ್ಲಿ ನೋಡಿದ ನುಣುಪು ಮೈಯ, ಸ್ಲೇಟು ಬಣ್ಣದ ನಾಯಿ ಮನಸ್ಸಿಗೆ ಹಿಡಿಸಿಬಿಟ್ಟಿದೆ. ಮೂರೂ ಒಪ್ಪುವಂಥ ಕಾರಣಗಳೇ. ಆದರೆ ಮೂಡಿಗೆರೆಯ ತೋಟದ ಮನೆಗೆ ಹೇಳುವ ಉತ್ತರವನ್ನು ಹಾಸನದ ಬಾಡಿಗೆ ಮನೆಗೆ ಹೇಳಲು ಬರುವುದಿಲ್ಲ. ಅರಸೀಕೆರೆಯ ಬಿಸಿಲಿಗೆ ಅದು ಇನ್ನೂ ಬೇರೆ.

ಅಲರ್ಜಿಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಅತಿ ಹೆಚ್ಚು ನಿರಾಸೆಯಾಗುವುದು ಅಲ್ಲೇ. ನಾಯಿಯಿಂದ ಅಲರ್ಜಿಯಾಗುವುದು ಕೂದಲಿನಿಂದಲ್ಲ. ಅದರ ಜೊಲ್ಲು, ಮೂತ್ರ, ಚರ್ಮದಿಂದ ಉದುರುವ ಸಣ್ಣ ಹೊಟ್ಟಿನಲ್ಲಿರುವ ಪ್ರೋಟೀನುಗಳಿಂದ. ಬೋಳು ನಾಯಿಗೂ ಜೊಲ್ಲು ಇದೆ, ಚರ್ಮವೂ ಇದೆ. ಕೂದಲು ಉದುರದ ಕಾರಣ ಆ ಹೊಟ್ಟು ಮನೆ ತುಂಬ ಹರಡುವುದು ಕಡಿಮೆಯಾಗಿ ಕೆಲವರಿಗೆ ಹಿತವೆನಿಸಬಹುದು. ಕೆಲವರಿಗೆ ಏನೂ ವ್ಯತ್ಯಾಸವಾಗದೆಯೂ ಇರಬಹುದು. ಆದ್ದರಿಂದ ಉಬ್ಬಸವಿರುವ ಮಗು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿ. ಅಂಥ ನಾಯಿ ಇರುವ ಮನೆಗೆ ಮಗುವನ್ನು ಒಂದೆರಡು ಸಲ ಕರೆದೊಯ್ದು, ಅರ್ಧ ದಿನ ಅಲ್ಲೇ ಇದ್ದು ನೋಡಿ. ಅಷ್ಟು ಮಾಡದೆ ಮರಿ ತಂದು, ಮೂರು ತಿಂಗಳಿಗೆ ಅದಕ್ಕೆ ಬೇರೆ ಮನೆ ಹುಡುಕುವ ಪಾಡು ಮಗುವಿಗೂ ಬೇಡ, ಮರಿಗೂ ಬೇಡ.

ಏನನ್ನು ನೋಡಿ ಆರಿಸಬೇಕು

ತಳಿಗಳ ಹೆಸರಿಗೆ ಹೋಗುವ ಮೊದಲು ನಿಮ್ಮ ಮನೆಯನ್ನೇ ನೋಡಿಕೊಳ್ಳಿ. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬೋಳು ನಾಯಿಗಳಲ್ಲಿ ಬಹುಪಾಲು ಮನುಷ್ಯರ ಮೈಗೆ ಅಂಟಿಕೊಂಡೇ ಇರಬಯಸುವಂಥವು. ಗೂಡು ಕಟ್ಟಿ ಹೊರಗೆ ಬಿಡುವುದಕ್ಕಂತೂ ಯಾವುದೂ ಆಗದು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವ ಮನೆಯಾದರೆ ಮುಂದೆ ಹೇಳುವ ನಾಲ್ಕು ತಳಿಗಳಲ್ಲಿ ಒಂದನ್ನೂ ತರಬೇಡಿ ಎನ್ನುತ್ತೇನೆ.

ಎರಡನೆಯದು ಊರು. ಹಾಸನ, ಚಿಕ್ಕಮಗಳೂರು ಎರಡೂ ಪಟ್ಟಣಗಳು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿವೆ. ಡಿಸೆಂಬರ್, ಜನವರಿಯ ಬೆಳಗಿನ ಚಳಿ ನಮಗೇ ಸ್ವೆಟರ್ ಹಾಕಿಸುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಏಪ್ರಿಲ್ ಬಿಸಿಲು ಚರ್ಮ ಸುಡುತ್ತದೆ. ಕೂದಲಿದ್ದ ನಾಯಿಗೆ ಇವು ಮೂರೂ ಸಹ್ಯ. ಬೋಳು ಮೈಗೆ ಮೂರೂ ಪ್ರತ್ಯೇಕ ಕೆಲಸ.

ಮೂರನೆಯದು ಹಲ್ಲು. ಬೋಳು ನಾಯಿಯ ವಿಚಾರದಲ್ಲಿ ಹಲ್ಲಿನ ಮಾತೇಕೆ ಎನ್ನಿಸಬಹುದು, ಆದರೆ ಖರ್ಚಿನ ಮೂಲ ಅಲ್ಲಿದೆ. ಆಮೇಲೆ ನಿಮ್ಮ ಸಮಯ. ಕೂದಲು ಬಾಚುವ ಕೆಲಸ ಉಳಿಯಿತು ಎಂದುಕೊಂಡರೆ, ಅದರ ಜಾಗಕ್ಕೆ ಚರ್ಮ ನೋಡುವ ಕೆಲಸ ಬಂದು ಕೂರುತ್ತದೆ. ಅದು ದಿನಾ ಇರುವಂಥದ್ದು. ಕೊನೆಗೆ, ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆ ಎಂಬುದು.

ಬೋಳಿನಲ್ಲೂ ಎರಡು ಬಗೆ

ಜಗತ್ತಿನಲ್ಲಿ ಹೆಸರು ಮಾಡಿರುವ ಕೂದಲಿಲ್ಲದ ತಳಿಗಳು ನಾಲ್ಕು: ಮೆಕ್ಸಿಕೋದ ಷೋಲೋಇಟ್ಸ್‌ಕ್ವಿಂಟ್ಲಿ, ಸಾಕುವವರ ಬಾಯಲ್ಲಿ ಬರೀ ಷೋಲೋ. ಪೆರು ದೇಶದ ಪೆರುವಿಯನ್ ಹೇರ್‌ಲೆಸ್. ಚೈನೀಸ್ ಕ್ರೆಸ್ಟೆಡ್. ಅಮೆರಿಕನ್ ಹೇರ್‌ಲೆಸ್ ಟೆರಿಯರ್. ನೋಡಲು ನಾಲ್ಕೂ ಬೋಳೇ. ಒಳಗಿನ ಲೆಕ್ಕ ಮಾತ್ರ ಬೇರೆ.

ಮೊದಲ ಮೂರರ ಬೋಳಿಗೂ ಕಾರಣ ಒಂದೇ ಎಂದು 2008ರಲ್ಲಿ ಗೊತ್ತಾಯಿತು. ಫಾಕ್ಸ್‌ಐ3 ಎಂಬ ವಂಶವಾಹಿಯಲ್ಲಿ ಒಂದೇ ಬಗೆಯ ಬದಲಾವಣೆ ಮೂರರಲ್ಲೂ ಇದೆ. ಈ ವಂಶವಾಹಿಗೆ ಕೂದಲಿನ ಜೊತೆಗೆ ಹಲ್ಲು ಮೂಡಿಸುವ ಕೆಲಸವೂ ಉಂಟು. ಹಾಗಾಗಿ ಈ ಮೂರು ತಳಿಯ ಬೋಳು ನಾಯಿಗಳಿಗೆ ಹಲ್ಲುಗಳು ಪೂರ್ತಿ ಇರುವುದಿಲ್ಲ. ದವಡೆಯ ಮುಂಭಾಗದ ಹಲ್ಲುಗಳು ಎಷ್ಟೋ ಸಲ ಹುಟ್ಟುವುದೇ ಇಲ್ಲ, ಇದ್ದವೂ ಬೇಗ ಸಡಿಲವಾಗುತ್ತವೆ. ಬದಲಾದ ವಂಶವಾಹಿ ತಂದೆಯಿಂದಲೋ ತಾಯಿಯಿಂದಲೋ ಒಂದು ಬಂದರೆ ಮರಿ ಬೋಳು. ಇಬ್ಬರಿಂದಲೂ ಬಂದರೆ ಅದು ಗರ್ಭದಲ್ಲೇ ಉಳಿಯುವುದಿಲ್ಲ. ಆದ್ದರಿಂದ ಅಪ್ಪ ಅಮ್ಮ ಇಬ್ಬರೂ ಬೋಳಾಗಿದ್ದರೂ ಹುಟ್ಟುವ ಮರಿಗಳಲ್ಲಿ ಸರಾಸರಿ ಮೂರಕ್ಕೆ ಒಂದು ಮೈತುಂಬ ಕೂದಲಿಟ್ಟುಕೊಂಡೇ ಬರುತ್ತದೆ. ಅಂಥ ಮರಿಯನ್ನು ನೋಡಿ ಬೆರಕೆ ಎಂದು ಅನುಮಾನಪಡಬೇಕಿಲ್ಲ. ಅದೂ ಅದೇ ತಳಿ, ಹಲ್ಲು ಪೂರ್ತಿ ಇರುವ ಒಡಹುಟ್ಟು.

ಅಮೆರಿಕನ್ ಹೇರ್‌ಲೆಸ್ ಟೆರಿಯರ್‌ಗೂ ಈ ಕಥೆಗೂ ಸಂಬಂಧವಿಲ್ಲ. 1972ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಲಿ ಹಿಡಿಯುವ ರ‍್ಯಾಟ್ ಟೆರಿಯರ್ ನಾಯಿಯೊಂದರ ಮರಿಗಳಲ್ಲಿ ಬೋಳಾದ ಹೆಣ್ಣುಮರಿಯೊಂದು ಕಾಣಿಸಿಕೊಂಡಿತು. ತಳಿ ಅದರಿಂದಲೇ ಬೆಳೆಯಿತು. ಇಲ್ಲಿ ವಂಶವಾಹಿ ಬೇರೆಯದು, ತಂದೆ ತಾಯಿ ಇಬ್ಬರಿಂದಲೂ ಬಂದರಷ್ಟೇ ಮರಿ ಬೋಳಾಗುತ್ತದೆ. ಹಲ್ಲಿಗೆ ಏನೂ ಆಗುವುದಿಲ್ಲ.

ನನ್ನ ಮಟ್ಟಿಗೆ ಆಯ್ಕೆಯ ತಿರುವು ಇದೇ. ನೋಟ, ಇತಿಹಾಸ, ಗಾತ್ರ ಎಲ್ಲ ಇದರ ನಂತರ.

ಚೈನೀಸ್ ಕ್ರೆಸ್ಟೆಡ್

ನೆತ್ತಿಯ ಮೇಲೆ ಜುಟ್ಟು, ಬಾಲದ ತುದಿಗೆ ಕುಚ್ಚು, ಪಾದಕ್ಕೆ ಕಾಲುಚೀಲ ಹಾಕಿದ ಹಾಗೆ ಕೂದಲು. ಉಳಿದ ಮೈ ಬೋಳು. ಎತ್ತರ 28ರಿಂದ 33 ಸೆಂಟಿಮೀಟರ್, ತೂಕ ಐದು ಕಿಲೋದ ಸುತ್ತಮುತ್ತ. ಒಂದು ಕೈಯಲ್ಲಿ ಎತ್ತಿಕೊಂಡು ಮಹಡಿ ಹತ್ತಬಹುದು. ಮೈತುಂಬ ಕೂದಲಿರುವ ಒಡಹುಟ್ಟಿಗೆ ಪೌಡರ್‌ಪಫ್ ಎನ್ನುತ್ತಾರೆ. ಅದರ ರೇಷ್ಮೆಯಂಥ ಕೂದಲನ್ನು ಬಾಚದೆ ಬಿಟ್ಟರೆ ವಾರದೊಳಗೆ ಗಂಟು.

ಸ್ವಭಾವ ಮಡಿಲಿನದು. ಅಜ್ಜ ಅಜ್ಜಿ ಹಗಲೆಲ್ಲ ಮನೆಯಲ್ಲೇ ಇರುವ, ಮೆಟ್ಟಿಲು ಹತ್ತಿ ಇಳಿದು ದೊಡ್ಡ ನಾಯಿ ಓಡಾಡಿಸಲಾಗದ ಪಟ್ಟಣದ ಮನೆಗೆ ಇದು ಚೆನ್ನಾಗಿ ಹೊಂದುತ್ತದೆ. ದಿನಕ್ಕೆ ಎರಡು ಸಣ್ಣ ನಡಿಗೆ ಸಾಕು. ತೊಡಕು ಎರಡು. ಒಂಟಿಯಾಗಿ ಬಿಟ್ಟರೆ ಹಲುಬುತ್ತದೆ, ಬಾಗಿಲು ಕೆರೆಯುತ್ತದೆ. ಒಳಗೆ ಗಲೀಜು ಮಾಡದಂತೆ ಕಲಿಸುವುದಕ್ಕೂ ತಾಳ್ಮೆ ಬೇಕು. ಅದರಲ್ಲೂ ಮಳೆಗಾಲದಲ್ಲಿ ತಣ್ಣನೆಯ ಒದ್ದೆ ನೆಲಕ್ಕೆ ಕಾಲಿಡಲೇ ಒಪ್ಪುವುದಿಲ್ಲ. ಮೂಳೆ ಸಪೂರ. ಮೂರ್ನಾಲ್ಕು ವರ್ಷದ ಮಕ್ಕಳು ಎತ್ತಿ ಬೀಳಿಸಿದರೆ ಕಾಲು ಮುರಿದೀತು.

ಆರೋಗ್ಯದ ಲೆಕ್ಕದಲ್ಲಿ ಇದು ಸ್ವಲ್ಪ ಭಾರ. ಹಲ್ಲಿನ ತೊಂದರೆ ಸರಿಯೇ, ಅದರ ಮೇಲೆ ಮಂಡಿಚಿಪ್ಪು ಜಾರುವುದು, ಕಣ್ಣಿನ ಹಿಂಭಾಗದ ಅಕ್ಷಿಪಟ (ರೆಟಿನಾ) ನಿಧಾನವಾಗಿ ಸವೆದು ದೃಷ್ಟಿ ಹೋಗುವುದು, ಕಣ್ಣಿನ ಮಸೂರ ತನ್ನ ಜಾಗ ಬಿಟ್ಟು ಜಾರುವುದು, ಇವು ಈ ತಳಿಯಲ್ಲಿ ಕಾಣುತ್ತವೆ. ಕಣ್ಣಿನ ಈ ಕಾಯಿಲೆಗಳಿಗೆ ಡಿಎನ್‌ಎ ಪರೀಕ್ಷೆ ಇದೆ, ತಂದೆ ತಾಯಿಯ ಪರೀಕ್ಷೆಯ ವರದಿ ಕೇಳುವುದು ನಿಮ್ಮ ಹಕ್ಕು.

ಷೋಲೋ

ಪಶ್ಚಿಮ ಮೆಕ್ಸಿಕೋದ ಕೊಲಿಮಾ ಪ್ರದೇಶದ ಪುರಾತನ ಸಮಾಧಿಗಳಲ್ಲಿ ಕೆಂಪುಮಣ್ಣಿನ ನಾಯಿಗಳು ಸಿಕ್ಕಿವೆ, ಗುಂಡುಹೊಟ್ಟೆಯ ಚೆಲುವಾದ ಗೊಂಬೆಗಳು. ಷೋಲೋ ಪ್ರಿಯರು ಅವನ್ನು ತಮ್ಮ ನಾಯಿಯ ಪೂರ್ವಜರೆಂದೇ ತೋರಿಸುತ್ತಾರೆ. ಸತ್ತವರಿಗೆ ಪರಲೋಕದ ದಾರಿ ತೋರುವ ನಾಯಿ ಎಂಬುದು ಅಲ್ಲಿನ ಹಳೆಯ ನಂಬಿಕೆ.

ಗಾತ್ರ ಮೂರು. ಟಾಯ್ 25ರಿಂದ 35 ಸೆಂಟಿಮೀಟರ್ ಎತ್ತರ, ಮಿನಿಯೇಚರ್ ಅಲ್ಲಿಂದ 46ರವರೆಗೆ, ಸ್ಟ್ಯಾಂಡರ್ಡ್ 58ರವರೆಗೆ. ದೊಡ್ಡದು 25 ಕಿಲೋವರೆಗೂ ತೂಗಬಹುದು. ಚರ್ಮ ದಪ್ಪ, ಗಟ್ಟಿ. ಮೈ ಬಣ್ಣ ಹೆಚ್ಚಾಗಿ ಕಪ್ಪು, ಬೂದಿ, ಕಂಚು. ಆರೋಗ್ಯದಲ್ಲಿ ಬೋಳು ತಳಿಗಳ ಪೈಕಿ ಇದು ಗಟ್ಟಿ ಪಿಂಡವೆಂದೇ ಹೆಸರಾಗಿದೆ. ಹಲ್ಲು ಬಿಟ್ಟರೆ ವಂಶಪಾರಂಪರ್ಯದ ದೊಡ್ಡ ಕಾಯಿಲೆಗಳ ಪಟ್ಟಿ ಚಿಕ್ಕದು. ಚೆನ್ನಾಗಿ ನೋಡಿಕೊಂಡರೆ 13 ವರ್ಷದ ಮೇಲೆಯೂ ಬಾಳುತ್ತದೆ.

ಎರಡು ವರ್ಷ ತುಂಬುವತನಕ ಇದರ ಚೂಟಿ ತಡೆಯುವುದು ಕಷ್ಟ: ಕಾಂಪೌಂಡ್ ಹಾರುತ್ತದೆ, ಚಿಲಕ ತೆಗೆಯುವುದನ್ನು ಕಲಿಯುತ್ತದೆ. ಆಮೇಲೆ ಗಂಭೀರ. ಮನೆಯ ಒಬ್ಬಿಬ್ಬರಿಗೆ ಪ್ರಾಣ ಕೊಡುತ್ತದೆ, ಹೊರಗಿನವರನ್ನು ದೂರದಿಂದಲೇ ಅಳೆಯುತ್ತದೆ, ಸುಮ್ಮಸುಮ್ಮನೆ ಬೊಗಳುವುದಿಲ್ಲ. ಹಾಗಾಗಿ ಕಾವಲಿಗೂ ಆಗಬೇಕು, ಕೂದಲೂ ಬೇಡ ಎನ್ನುವವರಿಗೆ ಮಿನಿಯೇಚರ್ ಅಥವಾ ಸ್ಟ್ಯಾಂಡರ್ಡ್ ಷೋಲೋ ಸೂಕ್ತ. ಎತ್ತರದ ಕಾಂಪೌಂಡ್ ಇರಲೇಬೇಕು. ಮೊದಲ ಸಲ ನಾಯಿ ಸಾಕುವವರಿಗೆ ಕೊಡಲು ಮನಸ್ಸು ಒಪ್ಪದು. ಮರಿಯಿದ್ದಾಗ ಜನರ ಮಧ್ಯೆ, ಬೇರೆ ನಾಯಿಗಳ ಮಧ್ಯೆ ಓಡಾಡಿಸದಿದ್ದರೆ ದೊಡ್ಡದಾದ ಮೇಲೆ ಅಂಜಿಕೆ ಹೋಗುವುದಿಲ್ಲ. ಅಂಜುವ ನಾಯಿ ಕಚ್ಚುತ್ತದೆ.

ಪೆರುವಿನ ನಾಯಿಯದೂ ಹೆಚ್ಚುಕಡಿಮೆ ಇದೇ ಲೆಕ್ಕ. ಮೋಚೆ, ಚಿಮೂ ಜನರ ಮಡಕೆಗಳಲ್ಲಿ ಅದರ ರೂಪವಿದೆ, ಪೆರು ಅದನ್ನು ತನ್ನ ರಾಷ್ಟ್ರೀಯ ಪರಂಪರೆ ಎಂದು ಘೋಷಿಸಿಕೊಂಡಿದೆ. ಮೈಕಟ್ಟು ನಮ್ಮ ಮುಧೋಳದಂತೆ ಸಪೂರ, ಓಟ ಬಿರುಸು. ಕೋಳಿ, ಬೆಕ್ಕು ಸಾಕಿರುವ ಹಳ್ಳಿಮನೆಗೆ ಅದೇ ತೊಂದರೆ. ನಮ್ಮ ಕಡೆ ಸಿಗುವುದೂ ತೀರ ಕಷ್ಟ. ಷೋಲೋ ಒಪ್ಪಿದವರು ಇದನ್ನು ಹುಡುಕಿಕೊಂಡು ಅಲೆಯುವ ಅಗತ್ಯ ನನಗೆ ಕಾಣುತ್ತಿಲ್ಲ.

ಅಮೆರಿಕನ್ ಹೇರ್‌ಲೆಸ್ ಟೆರಿಯರ್

ಎತ್ತರ 30ರಿಂದ 40 ಸೆಂಟಿಮೀಟರ್, ತೂಕ ಆರೇಳು ಕಿಲೋ. ಜುಟ್ಟು, ಕುಚ್ಚು ಏನೂ ಇಲ್ಲ, ಸಾದಾ ನಾಯಿಯ ನೋಟ. ಅಮೆರಿಕನ್ ಕೆನಲ್ ಕ್ಲಬ್ ಇದಕ್ಕೆ ಪೂರ್ಣ ಮನ್ನಣೆ ಕೊಟ್ಟದ್ದು 2016ರಲ್ಲಿ. ಹಲ್ಲು ಪೂರ್ತಿ, ಮೂಳೆ ಕಡಿಯುತ್ತದೆ, ಮಕ್ಕಳ ಜೊತೆ ಆಡುತ್ತದೆ, ಹೇಳಿದ್ದನ್ನು ಬೇಗ ಕಲಿಯುತ್ತದೆ. ಟೆರಿಯರ್ ರಕ್ತವಾದ್ದರಿಂದ ಇಲಿ ಕಂಡರೆ ಬಿಡುವುದಿಲ್ಲ, ಹೂಕುಂಡ ಬಗೆಯುತ್ತದೆ, ಗೇಟಿನ ಸದ್ದಾದರೆ ಬೊಗಳುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ದಣಿಸದಿದ್ದರೆ ಮನೆಯ ಚಪ್ಪಲಿಗಳಿಗೆ ಉಳಿಗಾಲವಿಲ್ಲ.

ಶಾಲೆಗೆ ಹೋಗುವ ಮಕ್ಕಳಿರುವ, ಸಣ್ಣ ಅಂಗಳವಿರುವ ಮನೆಗೆ ನಾನು ಮೊದಲು ಹೇಳುವ ಹೆಸರು ಇದು. ಹಲ್ಲಿನ ಖರ್ಚು ಉಳಿದ ಮೂರಕ್ಕಿಂತ ಕಡಿಮೆ ಎಂಬುದು ಬಜೆಟ್ ನೋಡುವವರಿಗೂ ಮುಖ್ಯ. ಕಣ್ಣಿನ ಮಸೂರ ಜಾರುವ ಕಾಯಿಲೆಯ ಪರೀಕ್ಷೆಯನ್ನು ಇದರಲ್ಲೂ ಕೇಳಬೇಕು.

ಮಲೆನಾಡಿನ ಮಳೆ, ಬಯಲಿನ ಬಿಸಿಲು

ಯಾವುದನ್ನೇ ತನ್ನಿ, ಚರ್ಮದ ಆರೈಕೆ ಒಂದೇ. ಬೋಳು ನಾಯಿಯನ್ನು ಮುಟ್ಟಿದರೆ ಬಿಸಿನೀರಿನ ಚೀಲ ಮುಟ್ಟಿದ ಹಾಗಾಗುತ್ತದೆ. ಜ್ವರವೇನೋ ಎಂದು ಗಾಬರಿಯಾಗುವವರಿದ್ದಾರೆ. ಅದರ ದೇಹದ ಬಿಸಿ ಬೇರೆ ನಾಯಿಗಳಷ್ಟೇ, ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ನಡುವೆ ಕೂದಲಿಲ್ಲದ್ದರಿಂದ ನೇರ ಕೈಗೆ ತಗಲುತ್ತದೆ, ಅಷ್ಟೆ. ಆ ಬಿಸಿ ಹಾಗೆಯೇ ಸೋರಿಹೋಗುವುದರಿಂದ ಚಳಿಗಾಲದಲ್ಲಿ ಹೆಚ್ಚು ತಿನ್ನುತ್ತದೆ. ಒಂದು ಹಿಡಿ ಹೆಚ್ಚಿಗೆ ಹಾಕಿ. ಅಂಗಿ ಹೊಲಿಸುವುದಾದರೆ ಹತ್ತಿಯದು ಅಥವಾ ಮೃದುವಾದ ಫ್ಲೀಸ್ ಬಟ್ಟೆ. ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೋಲಿನ್ ಹಲವು ಬೋಳು ನಾಯಿಗಳಿಗೆ ಒಗ್ಗುವುದಿಲ್ಲ. ಲ್ಯಾನೋಲಿನ್ ಇರುವ ಕ್ರೀಮೂ ಬೇಡ.

ಚಳಿಯಾದರೆ ಇವು ಬೆಂಕಿಯ ಕಡೆ ಹೋಗುತ್ತವೆ. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆ ಬೆಳಗಿನಿಂದ ಉರಿಯುತ್ತಲೇ ಇರುತ್ತದೆ. ಊರಿನ ನಾಯಿ ಬೂದಿಯಲ್ಲಿ ಮಲಗಿದರೂ ಕೂದಲು ಕಾಯುತ್ತದೆ. ಬೋಳು ನಾಯಿ ಒಲೆಗೆ ಒರಗಿದರೆ ಬೊಬ್ಬೆ ಏಳುತ್ತದೆ, ಒಂದು ಕಿಡಿ ಹಾರಿದರೂ ಗಾಯ. ಒಲೆಯ ಮುಂದೆ ಅಡ್ಡ ತಡಿಕೆ ಇಡಲೇಬೇಕು.

ಸ್ನಾನ ವಾರಕ್ಕೊಮ್ಮೆ ಅಥವಾ ಹತ್ತು ದಿನಕ್ಕೊಮ್ಮೆ, ನಾಯಿಗೆಂದೇ ಇರುವ ಮೃದು ಶಾಂಪೂವಿನಲ್ಲಿ. ಮೈ ಒರೆಸಿದ ಮೇಲೆ ವಾಸನೆಯಿಲ್ಲದ ತೆಳು ಲೋಷನ್. ಕೊಬ್ಬರಿ ಎಣ್ಣೆಯನ್ನು ಮೈತುಂಬ ಬಳಿದರೆ ರಂಧ್ರಗಳು ಮುಚ್ಚಿ ಕಪ್ಪು ಮೊಡವೆಗಳೇಳುತ್ತವೆ. ಒಣಗಿ ಬಿರಿದ ಕಡೆಗೆ ಒಂದೆರಡು ಹನಿ ಸಾಕು. ಹರೆಯಕ್ಕೆ ಬರುವಾಗ ಮೊಡವೆ ಬರುವುದು ಸಹಜ, ಹಿಸುಕಬಾರದು. ಮಳೆಗಾಲದಲ್ಲಿ ಬೆರಳ ಸಂದಿ, ಕಂಕುಳು, ಬಾಲದ ಬುಡ ಒದ್ದೆ ಇರದಂತೆ ಒಣಬಟ್ಟೆಯಲ್ಲಿ ಒತ್ತಿ. ಅಲ್ಲಿ ಬೂಷ್ಟು ಸೋಂಕು ಹತ್ತಿದರೆ ಹುಳಿ ವಾಸನೆ ಬರುತ್ತದೆ, ನಾಯಿ ಸದಾ ಪಾದ ನೆಕ್ಕುತ್ತದೆ.

ಬಿಸಿಲಿನ ಮಾತಿಗೆ ಬಂದರೆ, ನಸುಗೆಂಪು ಮೈಯವು ಮತ್ತು ಚುಕ್ಕೆ ಮೈಯವು ಬೇಗ ಸುಡುತ್ತವೆ, ಕಪ್ಪು ಮೈಯವು ಸ್ವಲ್ಪ ತಡೆಯುತ್ತವೆ. ಬಯಲುಸೀಮೆಯವರು ಬಣ್ಣ ಆರಿಸುವಾಗ ಇದನ್ನೂ ನೋಡಬೇಕು. ಹತ್ತು ಗಂಟೆಯ ನಂತರ ನಾಲ್ಕರವರೆಗೆ ನೆರಳು. ಮನುಷ್ಯರ ಸನ್‌ಸ್ಕ್ರೀನ್ ಹಚ್ಚಬೇಡಿ, ಅದರಲ್ಲಿ ಸತುವಿನ ಆಕ್ಸೈಡ್ ಇದ್ದರೆ ನೆಕ್ಕಿದಾಗ ವಿಷವಾಗುತ್ತದೆ. ಕಾಫಿ ಒಣಗಿಸುವ ಸಿಮೆಂಟಿನ ಕಣ ಫೆಬ್ರವರಿ, ಮಾರ್ಚ್‌ನಲ್ಲಿ ಕಾದಿರುತ್ತದೆ, ಅಲ್ಲಿ ಬಿಡಬೇಡಿ. ಕಾಫಿ ಬೀಜ ತಿಂದರೆ ಅದರ ಕೆಫೀನ್ ಯಾವ ನಾಯಿಗೂ ಆಗದು. ತೋಟಕ್ಕೆ ಬೋರ್ಡೋ ಹೊಡೆದ ದಿನಗಳಲ್ಲಿ ಬೋಳು ಮೈಯ ನಾಯಿ ಗಿಡಗಳ ನಡುವೆ ಓಡಾಡಬಾರದು. ಮೈಲುತುತ್ತ, ಸುಣ್ಣ ಎರಡೂ ಚರ್ಮ ಉರಿಸುತ್ತವೆ.

ಉಣುಗಿನ ವಿಷಯದಲ್ಲಿ ಮಾತ್ರ ಬೋಳು ಮೈ ಅನುಕೂಲ, ಕಚ್ಚಿದ್ದು ಕಣ್ಣಿಗೆ ಕಾಣುತ್ತದೆ. ಆದರೆ ಉಣುಗಿನಿಂದ ನಾಯಿಗೆ ರಕ್ತದ ಸೋಂಕುಗಳು ಬರುತ್ತವೆ, ಕಾಡಂಚಿನಲ್ಲಿ ಮಂಗನ ಕಾಯಿಲೆಯ ಉಣುಗನ್ನು ನಾಯಿ ಮನೆಯೊಳಗೆ ಹೊತ್ತು ತರಬಹುದು. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರು ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಕರೆದೊಯ್ಯುವುದನ್ನೇ ಬಿಡಿ. ಉಣುಗು ಹೋಗಲೆಂದು ಸೀಮೆಎಣ್ಣೆ, ಫಿನಾಯಿಲ್, ಹೊಗೆಸೊಪ್ಪಿನ ನೀರು ಹಚ್ಚುವ ರೂಢಿ ಹಳ್ಳಿಗಳಲ್ಲಿದೆ. ಬೋಳು ಚರ್ಮಕ್ಕೆ ಅದನ್ನು ಹಚ್ಚಿದರೆ ಸುಟ್ಟು ಹೋಗುತ್ತದೆ, ವಿಷ ಒಳಗೂ ಇಳಿಯುತ್ತದೆ. ತೂಕಕ್ಕೆ ತಕ್ಕ ಮಾತ್ರೆಗಳಿವೆ, ಪಶುವೈದ್ಯರಿಂದ ಕೇಳಿ ಕೊಡಿ. ಫಿಟ್ಸ್ ಬರುವ ನಾಯಿಯಾದರೆ ಅದನ್ನು ಮೊದಲೇ ಹೇಳಿ. ಇಂಬಳ ಹತ್ತಿದ ಕಡೆ ರಕ್ತ ನಿಂತ ಮೇಲೂ ತೊಳೆದು ಒರೆಸಿ, ಇಲ್ಲದಿದ್ದರೆ ಕೀವಾಗುತ್ತದೆ. ಇಲಿ, ನಿಂತ ನೀರು ಇರುವ ಕಡೆ ರೇಬೀಸ್ ಜೊತೆಗೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಲಸಿಕೆಯನ್ನೂ ವರ್ಷ ವರ್ಷ ತಪ್ಪಿಸಬೇಡಿ.

ತೋಟದ ಮನೆಯವರಿಗೆ ಇನ್ನೊಂದು ಮಾತು. ರಾತ್ರಿ ಚಿರತೆ ಬರುವ ಜಾಗದಲ್ಲಿ ಈ ನಾಯಿಗಳು ಕಾವಲಿಗೆ ಅಲ್ಲ. ತೋಟ ಕಾಯಲು ನಾಡುನಾಯಿಯೇ ಸರಿ. ಅದರ ಗಿಡ್ಡ ಕೂದಲು ನಮ್ಮ ಮಳೆಗೆ, ಬಿಸಿಲಿಗೆ ಒಗ್ಗಿದೆ, ಖರ್ಚೂ ಅತಿ ಕಡಿಮೆ. ಕೂದಲು ಗುಡಿಸುವ ಬೇಸರವಷ್ಟೇ ನಿಮ್ಮ ಕಾರಣವಾಗಿದ್ದರೆ ಒಳ್ಳೆಯದೊಂದು ನಾಡುಮರಿಯನ್ನೋ, ಓಡಲು ಬಯಲಿದ್ದರೆ ಮುಧೋಳವನ್ನೋ ಸಾಕಿ, ವಾರಕ್ಕೆರಡು ಸಲ ರಬ್ಬರ್ ಬ್ರಷ್ಷಿನಿಂದ ಉಜ್ಜಿದರೆ ಮುಕ್ಕಾಲು ತೊಂದರೆ ಹೋಗುತ್ತದೆ. ನಿಜವಾಗಿ ಹೇಳಬೇಕೆಂದರೆ, ಕೇಳಿ ಬರುವವರಲ್ಲಿ ಹೆಚ್ಚಿನವರಿಗೆ ನಾನು ಕೊಡುವ ಸಲಹೆ ಇದೇ.

ಖರ್ಚು ಮತ್ತು ತರುವ ದಾರಿ

ಮರಿಯ ಬೆಲೆ ಒಮ್ಮೆ ಕೊಡುವಂಥದ್ದು, ಅದಕ್ಕೇ ಜನ ಹೆದರುತ್ತಾರೆ. ಆಮೇಲಿನದನ್ನು ಕೂಡಿಸಿ ನೋಡಿ. ಹಲ್ಲು ಕೆಟ್ಟ ನಾಯಿಗೆ ಅರಿವಳಿಕೆ ಕೊಟ್ಟು ಹಲ್ಲು ತೊಳೆಯಿಸುವುದು, ಕೀಳಿಸುವುದು ಪದೇ ಪದೇ ಬರುವ ಖರ್ಚು. ಅರಿವಳಿಕೆಯಲ್ಲಿ ಬೋಳು ನಾಯಿಯ ಮೈ ಬೇಗ ತಣ್ಣಗಾಗುವುದರಿಂದ ಬೆಚ್ಚಗಿಡುವ ಏರ್ಪಾಡಿರುವ ಆಸ್ಪತ್ರೆಯೇ ಬೇಕು. ಹಾಸನದ ಪಶುವೈದ್ಯಕೀಯ ಕಾಲೇಜು ಹತ್ತಿರವಿರುವವರಿಗೆ ಇದು ಸುಲಭ. ಶೃಂಗೇರಿಯ ಒಳಹಳ್ಳಿಯವರಿಗೆ ಒಂದು ದಿನದ ಪ್ರಯಾಣ. ಔಷಧಿ, ಆಹಾರ ಎಲ್ಲವೂ ತೂಕದ ಲೆಕ್ಕದಲ್ಲಿ ಏರುತ್ತವೆ, ಆದ್ದರಿಂದ ಕೈ ಬಿಗಿ ಇರುವವರಿಗೆ ಸ್ಟ್ಯಾಂಡರ್ಡ್ ಷೋಲೋಗಿಂತ ಟೆರಿಯರ್ ವಾಸಿ. ಮಿತಿಯೊಳಗೆ ಮಡಿಲಿನ ನಾಯಿಯೇ ಬೇಕು ಎನ್ನುವವರು ಚೈನೀಸ್ ಕ್ರೆಸ್ಟೆಡ್‌ನಲ್ಲಿ ಪೌಡರ್‌ಪಫ್ ನೋಡಬಹುದು: ಹಲ್ಲು ಗಟ್ಟಿ, ಚಳಿ ತಡೆಯುತ್ತದೆ, ಬಾಚುವುದು ಮಾತ್ರ ನಿಮ್ಮ ಪಾಲಿಗೆ.

ಈ ನಾಲ್ಕೂ ನಮ್ಮ ಕಡೆ ಅಪರೂಪ, ಹಾಗಾಗಿ ಮೋಸಕ್ಕೂ ಜಾಗವಿದೆ. ವಿದೇಶದಿಂದ ತರಿಸಿಕೊಡುತ್ತೇವೆ ಎನ್ನುವವರ ಬಳಿ ಪ್ರಾಣಿ ಕ್ವಾರಂಟೈನ್ ಕಚೇರಿಯ ನಿರಾಕ್ಷೇಪಣಾ ಪತ್ರ ಕೇಳಿ. 2017ರ ಕೇಂದ್ರ ನಿಯಮಗಳ ಪ್ರಕಾರ ನಾಯಿ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿನಾಯಿಯನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ.

ಮರಿಯ ಬಾಯಿ ತೆರೆದು ನೋಡಿ. ಷೋಲೋ, ಪೆರುವಿಯನ್, ಕ್ರೆಸ್ಟೆಡ್ ಬೋಳು ಮರಿಯಾದರೆ ಹಲ್ಲು ವಿರಳವಾಗಿರುತ್ತದೆ, ಕೋರೆಹಲ್ಲು ಮುಂದಕ್ಕೆ ಚಾಚಿರುವುದೂ ಉಂಟು. ಟೆರಿಯರ್ ಮರಿ ಹುಟ್ಟುವಾಗ ನವಿರಾದ ಕೂದಲಿರುತ್ತದೆ, ವಾರಗಳು ಕಳೆದಂತೆ ಉದುರಿ ಸುಮಾರು ಎರಡು ತಿಂಗಳಿಗೆ ಬೋಳಾಗುತ್ತದೆ. ಅಲ್ಲಲ್ಲಿ ತೇಪೆಯಂತೆ ಕೂದಲು ಹೋಗಿ, ಚರ್ಮ ಕೆಂಪಾಗಿ, ಹೆಕ್ಕಳೆಗಟ್ಟಿ, ಮರಿ ಒಂದೇಸಮ ಕೆರೆದುಕೊಳ್ಳುತ್ತಿದ್ದರೆ ಅದು ತಳಿಯಲ್ಲ, ಕಜ್ಜಿ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಸಣ್ಣ ಆಸ್ಪತ್ರೆಯಲ್ಲೂ ಆಗುತ್ತದೆ, ಹಣ ಕೊಡುವ ಮೊದಲು ಅದನ್ನು ಮಾಡಿಸಿ. ಕಜ್ಜಿ ಎಂದು ಗೊತ್ತಾದರೂ ಮರಿಯ ಮೇಲೆ ಮನಸ್ಸಾಗಿದ್ದರೆ ತನ್ನಿ, ಚಿಕಿತ್ಸೆಯಿಂದ ಅದು ವಾಸಿಯಾಗುತ್ತದೆ, ಕೂದಲೂ ಬರುತ್ತದೆ. ಅಪರೂಪದ ತಳಿಯ ಬೆಲೆಯನ್ನು ಮಾತ್ರ ಕೊಡಬೇಡಿ.